ಕಾಗೆ ಕಾಲು, ಗುಬ್ಬಿ ಕಾಲು: ಓಟಿಗೆ ಹೋಗಬೇಕಾ, ಹ್ಯಾಂಡ್‌ರೈಟಿಂಗ್ ಕ್ಲಾಸ್ ಸಾಕಾ, ಕಾಯಬಹುದಾ?

ಮಗನ ಡೈರಿಯಲ್ಲಿ ಮಿಸ್ಸು ಕೆಂಪು ಪೆನ್ನಿನಲ್ಲಿ ‘ಅಕ್ಷರ ಸುಧಾರಿಸಬೇಕು’ ಎಂದು ಮೊದಲ ಸಲ ಬರೆದದ್ದು ಎರಡನೇ ಕ್ಲಾಸಿನಲ್ಲಿ, ದಸರಾ ರಜೆಗೆ ಮುಂಚೆ. ಮೂರನೇ ಕ್ಲಾಸಿನ ಗಣೇಶನ ಹಬ್ಬದ ಹೊತ್ತಿಗೆ ಅದೇ ಸಾಲು ಐದು ಸಲ ಬಂದಿತ್ತು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ‘ಅವರಪ್ಪಂದೂ ಹೀಗೇ ಇತ್ತು ಬಿಡಮ್ಮ, ಕಾಗೆ ಕಾಲು ಗುಬ್ಬಿ ಕಾಲು. ಈಗ ಬ್ಯಾಂಕಲ್ಲಿ ಕೆಲಸ ಮಾಡ್ತಿಲ್ವಾ?’ ಎಂದರು ಅತ್ತೆ. ಪಕ್ಕದ ಮನೆಯವರು ಬೇಸಿಗೆ ರಜೆಯಲ್ಲಿ ಹದಿನೈದೇ ದಿನಕ್ಕೆ ಮುತ್ತಿನಂಥ ಅಕ್ಷರ ಬರಿಸುವ ಕ್ಲಾಸಿನ ಪಾಂಪ್ಲೆಟ್ ತಂದುಕೊಟ್ಟರು. ಮಕ್ಕಳ ಡಾಕ್ಟರು ಮಾತ್ರ, ‘ಒಂದ್ಸಲ ಓಟಿಗೆ ತೋರಿಸಿ’ ಎಂದರು.

ಓಟಿ ಎಂದ ಕೂಡಲೇ ಅತ್ತೆಯ ಮುಖ ಬಿಳಿಚಿಕೊಂಡಿತು. ‘ಅಕ್ಷರ ಸರಿ ಇಲ್ಲ ಅಂತ ಆಪರೇಷನ್ ಮಾಡಿಸ್ತೀರಾ?’ ತಪ್ಪೇನಿಲ್ಲ, ಆಸ್ಪತ್ರೆಯಲ್ಲಿ ಓಟಿ ಎಂದರೆ ಎಲ್ಲರಿಗೂ ಆಪರೇಷನ್ ಥಿಯೇಟರೇ ನೆನಪಾಗುವುದು. ಇದು ಆಕ್ಯುಪೇಷನಲ್ ಥೆರಪಿ. ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬರೆಯುವುದು ಮುಂತಾಗಿ ದಿನನಿತ್ಯದ ಕೆಲಸ ಮಾಡಲು ಮೈ-ಕೈ ಸಹಕರಿಸದಿದ್ದಾಗ ಅದನ್ನು ಮಾಡಿಸಿಯೇ ಕಲಿಸುವ ಚಿಕಿತ್ಸೆ.

ಆಮೇಲಿನ ಒಂದು ವರ್ಷ ನಾವು ಅಲ್ಲಿ ಇಲ್ಲಿ ಅಲೆದದ್ದರಿಂದ ನನಗೆ ಗೊತ್ತಾದದ್ದು ಒಂದೇ. ಓಟಿ ಒಳ್ಳೆಯದಾ, ಕ್ಲಾಸ್ ಒಳ್ಳೆಯದಾ ಎಂದು ಕೇಳುವುದಕ್ಕೆ ಮುಂಚೆ ಮಗುವಿನ ಬರವಣಿಗೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಬೇಕು. ಕೈಯಲ್ಲೋ, ಕಣ್ಣಲ್ಲೋ, ಅಕ್ಷರದ ನೆನಪಲ್ಲೋ, ಇಲ್ಲ ಬರೀ ಅವಸರವೋ? ಇದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಮೂರು ಹಾಳೆ, ಒಂದು ಸಂಜೆ

ಇದಕ್ಕೆ ಯಾರ ಫೀಸೂ ಬೇಡ. ಒಂದು ಸಾಲು ಆರಿಸಿಕೊಳ್ಳಿ. ನಾನು ಆರಿಸಿದ್ದು ‘ಅಜ್ಜಿ ಅಂಗಳದಲ್ಲಿ ರಂಗೋಲಿ ಹಾಕಿದರು’. ಒತ್ತಕ್ಷರ ಇದೆ, ಸೊನ್ನೆ ಇದೆ, ದೀರ್ಘ ಇದೆ, ಗುಣಿಸು ಇದೆ. ಮೊದಲನೇ ಹಾಳೆಯಲ್ಲಿ ಇದನ್ನು ಮಗುವಿನ ಮುಂದೆಯೇ ಇಟ್ಟು ನೋಡಿಕೊಂಡು ಬರೆಯಲು ಹೇಳಿ. ಎರಡನೆಯದರಲ್ಲಿ ನೀವು ಹೇಳಿ, ಅದು ಉಕ್ತಲೇಖನದ ಹಾಗೆ ಬರೆಯಲಿ. ಮೂರನೆಯದರಲ್ಲಿ ಮಗುವೇ ಯೋಚಿಸಿ ನಾಲ್ಕು ಸಾಲು ಬರೆಯಲಿ. ಆದರೆ ಬರೆಯುವ ಮೊದಲು ಅದನ್ನು ಬಾಯಲ್ಲಿ ಹೇಳಿಸಿ ಕೇಳಿಸಿಕೊಳ್ಳಿ. ದಿನಾಂಕ ಹಾಕಿ ಮೂರನ್ನೂ ಎತ್ತಿಡಿ. ಮುಂದೆ ಬೇಕಾಗುತ್ತದೆ.

ನೋಡಿಕೊಂಡು ಬರೆದದ್ದು ಚೆನ್ನಾಗಿದ್ದು, ಹೇಳಿ ಬರೆಸಿದ್ದು ಎಕ್ಕುಟ್ಟಿ ಹೋಗಿದ್ದರೆ ತೊಂದರೆ ಕೈಯದಲ್ಲ. ಯಾವ ಶಬ್ದಕ್ಕೆ ಯಾವ ಅಕ್ಷರ ಎನ್ನುವುದೇ ನಿಂತಿಲ್ಲ. ಅಂಥ ಮಗುವಿಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದರೆ ತಪ್ಪು ಕಾಗುಣಿತವನ್ನು ದುಂಡಗೆ ಬರೆಯುತ್ತದೆ, ಅಷ್ಟೇ. ಪುಸ್ತಕ ನೋಡಿ ಬರೆಯುವುದು ಸರಿಯಿದ್ದು, ಬೋರ್ಡ್ ನೋಡಿ ಬರೆಯುವಾಗ ಮಾತ್ರ ಅಕ್ಷರ ಬಿಟ್ಟುಹೋಗುತ್ತಿದ್ದರೆ ಬೇರೆಲ್ಲಾ ಬಿಟ್ಟು ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬಾಯಲ್ಲಿ ಪುಂಖಾನುಪುಂಖವಾಗಿ ಕಥೆ ಹೇಳಿದ ಮಗು ಹಾಳೆಯ ಮೇಲೆ ‘ನಾನು ಹೋದೆ. ಬಂದೆ.’ ಎಂದು ಮುಗಿಸಿದರೆ ಬರೆಯುವ ಕೆಲಸವೇ ಅದರ ಶಕ್ತಿಯನ್ನೆಲ್ಲ ಹೀರುತ್ತಿದೆ ಎಂದರ್ಥ.

ನನ್ನ ಮಗನಿಗೆ ಎದುರಿಗಿದ್ದದ್ದನ್ನು ನೋಡಿ ಬರೆಯುವುದೇ ಕಷ್ಟ. ‘ಅಜ್ಜಿ’ಯ ಜ ಒತ್ತು ಕೆಳಗಿನ ಸಾಲಿನ ತಲೆಗೆ ಡಿಕ್ಕಿ ಹೊಡೆದಿತ್ತು, ‘ರಂ’ನ ಸೊನ್ನೆ ಎಲ್ಲೋ ಮೇಲೆ ಬಲೂನಿನ ಹಾಗೆ ತೇಲುತ್ತಿತ್ತು. ಹಾಳೆ ತಿರುವಿ ಹಿಂಬದಿಗೆ ಬೆರಳಾಡಿಸಿದರೆ ಪ್ರತಿ ಗೆರೆಯೂ ಕೈಗೆ ಸಿಗುತ್ತಿತ್ತು, ಅಷ್ಟು ಒತ್ತಿ ಬರೆದಿದ್ದ. ‘ಕೈ ನೋಯುತ್ತೆ’ ಎಂದು ಅವನು ಹೇಳುತ್ತಿದ್ದದ್ದು ನೆಪ ಎಂದುಕೊಂಡಿದ್ದೆ. ನೆಪವಲ್ಲ.

ಬರವಣಿಗೆಯ ಆಚೆಗೂ ಒಂದು ಸುತ್ತು ಕಣ್ಣು ಹಾಯಿಸಿ. ಯೂನಿಫಾರ್ಮಿನ ಗುಂಡಿ, ಶೂ ಲೇಸು, ಟಿಫಿನ್ ಡಬ್ಬಿಯ ಮುಚ್ಚಳ, ಚಪಾತಿ ಹರಿದು ಪಲ್ಯ ಹಿಡಿಯುವುದು, ಚೆಂಡು ಹಿಡಿಯುವುದು, ಸೈಕಲ್. ಇವುಗಳಲ್ಲಿ ನಾಲ್ಕೈದು ಓರಗೆಯವರಿಗಿಂತ ತುಂಬ ಹಿಂದಿದ್ದರೆ ಅದು ಬರೀ ಅಕ್ಷರದ ವಿಷಯವಲ್ಲ. ಚಲನೆಗಳನ್ನು ಜೋಡಿಸಿಕೊಂಡು ಕಲಿಯುವುದೇ ಕಷ್ಟವಾಗುವ ಮಕ್ಕಳು ನೂರಕ್ಕೆ ಐದಾರು ಇರುತ್ತಾರೆ. ಡಾಕ್ಟರುಗಳು ಇದನ್ನು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್) ಎನ್ನುತ್ತಾರೆ, ಹಳೆಯ ಹೆಸರು ಡಿಸ್ಪ್ರಾಕ್ಸಿಯಾ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಚೆನ್ನಾಗಿದ್ದ ಅಕ್ಷರ ಈಚೆಗೆ ಕೆಡುತ್ತಾ ಬಂದಿದ್ದರೆ, ಕೈ ನಡುಗುತ್ತಿದ್ದರೆ, ಒಂದು ಬದಿಯ ಕೈಯಲ್ಲಿ ಬಲ ಕಡಿಮೆ ಎನಿಸಿದರೆ ಥೆರಪಿ ಸೆಂಟರಿಗೂ ಬೇಡ, ಕ್ಲಾಸಿಗೂ ಬೇಡ. ನೇರ ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಕಾಯುವುದು

ಮಗುವಿಗೆ ಆರು ತುಂಬಿಲ್ಲ, ಎಲ್‌ಕೆಜಿ ಯುಕೆಜಿಯಲ್ಲಿದೆ, ದೂರು ಅಕ್ಷರದ್ದಷ್ಟೇ ಎಂದಾದರೆ ನನ್ನ ಮತ ಕಾಯುವುದಕ್ಕೇ. ಮೂರೂವರೆ ವರ್ಷದ ಕೈಗೆ ನಾಲ್ಕು ಗೆರೆ ಪುಸ್ತಕ ಕೊಟ್ಟು ಪುಟಗಟ್ಟಲೆ ಬರೆಸುವ ಶಾಲೆಗಳಲ್ಲಿ ತಪ್ಪು ಮಗುವಿನದಲ್ಲ. ಥೆರಪಿಸ್ಟುಗಳು ನೋಡುವ ಒಂದು ಗುರುತು ಹೀಗಿದೆ: ನಿಂತ ಗೆರೆ, ಮಲಗಿದ ಗೆರೆ, ಸೊನ್ನೆ, ಕೂಡಿಸುವ ಚಿಹ್ನೆ, ಚೌಕ, ಓರೆ ಗೆರೆ, ಗುಣಿಸುವ ಚಿಹ್ನೆ, ತ್ರಿಕೋನ ಇವನ್ನು ನೋಡಿ ಬಿಡಿಸಲು ಬಂದರೆ ಕೈ ಅಕ್ಷರಕ್ಕೆ ತಯಾರು. ತ್ರಿಕೋನ ಬರುವುದು ಐದು ವರ್ಷ ದಾಟಿದ ಮೇಲೆಯೇ. ಅದಕ್ಕೂ ಮುಂಚೆ ಸ್ಲೇಟು, ಬಳಪ, ಮರಳು, ಬಣ್ಣ ಇಷ್ಟೇ ಸಾಕು.

ಎಂಟು ವರ್ಷದ ಮಗುವಿನ ವಿಷಯದಲ್ಲಿ ಮಾತ್ರ ‘ಅವರಪ್ಪಂದೂ ಹೀಗೇ ಇತ್ತು’ ಎನ್ನುವ ವಾದ ನಡೆಯುವುದಿಲ್ಲ. ನಮ್ಮಲ್ಲಿ ಐದಾರನೇ ಕ್ಲಾಸಿಗೆ ಬಂದರೆ ಕನ್ನಡ, ಇಂಗ್ಲಿಷ್, ಹಿಂದಿ ಎಂದು ಮೂರು ಲಿಪಿ. ಇಂಗ್ಲಿಷಿಗೆ ಸಣ್ಣಕ್ಷರ ದೊಡ್ಡಕ್ಷರ ಬೇರೆ. ಬರೆಯುವ ಪ್ರಮಾಣ ಒಂದೇ ಸಲಕ್ಕೆ ಜಾಸ್ತಿಯಾಗುತ್ತದೆ. ಅಲ್ಲಿಯವರೆಗೆ ಹೇಗೋ ನಿಭಾಯಿಸಿಕೊಂಡು ಬಂದ ಮಗು ಅಲ್ಲಿ ಕುಸಿಯುತ್ತದೆ. (ಅಂದಹಾಗೆ, ನಮ್ಮ ಮನೆಯವರಿಗೆ ಇವತ್ತಿಗೂ ಚಲನ್ ಬರೆಯಬೇಕೆಂದರೆ ಆಗುವುದಿಲ್ಲ. ಈಗಲೂ ಸಹಿ ಒಂದೊಂದು ಸಲ ಒಂದೊಂದು ಥರ.)

ಹ್ಯಾಂಡ್‌ರೈಟಿಂಗ್ ಕ್ಲಾಸ್

ಇದನ್ನು ಸಾರಾಸಗಟಾಗಿ ಬೈಯುವವರ ಸಾಲಿಗೆ ನಾನು ಸೇರುವುದಿಲ್ಲ. ಓದುವುದು ಸರಿಯಿದೆ, ಕಾಗುಣಿತ ಸರಿಯಿದೆ, ಕೈ ನೋಯುವುದಿಲ್ಲ, ಬೇರೆ ಕೆಲಸವೆಲ್ಲ ಚುರುಕು, ಅಕ್ಷರ ಮಾತ್ರ ಅವಸರದ್ದು ಎನ್ನುವ ಮಗುವಿಗೆ ಕ್ಲಾಸು ಸಾಕು. ದಿನಾ ಕೂತು ಬರೆಯುವ ಶಿಸ್ತು ಸಿಗುತ್ತದೆ, ಫೀಸು ಥೆರಪಿಗೆ ಹೋಲಿಸಿದರೆ ಕಡಿಮೆ. ಹಿಂದೆ ಶಾಲೆಯಲ್ಲೇ ದಿನಕ್ಕೊಂದು ಪುಟ ಕಾಪಿ ಬರೆಸುತ್ತಿದ್ದರಲ್ಲ, ಅದನ್ನೇ ಈಗ ದುಡ್ಡು ಕೊಟ್ಟು ಮಾಡಿಸುತ್ತಿದ್ದೇವೆ.

ಆದರೆ ನಾನು ವಿಚಾರಿಸಿದ ಕ್ಲಾಸುಗಳೆಲ್ಲ ಇಂಗ್ಲಿಷ್ ಕರ್ಸಿವ್‌ಗೆ ಮೀಸಲು. ಕನ್ನಡಕ್ಕೆ ಬೇಕಾದದ್ದೇ ಬೇರೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕಡ್ಡಿ ಜೋಡಿಸಿದ ಹಾಗೆ ನೇರ ಗೆರೆ ಎಷ್ಟೋ ಇವೆ. ನಮ್ಮದರಲ್ಲಿ ಬೆರಳು ತಿರುಗುತ್ತಲೇ ಇರಬೇಕು, ತಲೆಕಟ್ಟು ಕೂರಬೇಕು, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟಿರಬೇಕು. ಬ ಮತ್ತು ಭ, ದ ಮತ್ತು ಧ, ಪ ಮತ್ತು ಷ ನಡುವೆ ಇರುವುದು ಒಂದು ಚಿಕ್ಕ ಸೀಳು, ಒಂದು ಚಿಕ್ಕ ಗೆರೆ. ಇನ್ನು ಕೈ ನೋವಿರುವ, ಗುಂಡಿ ಹಾಕಲು ಬಾರದ ಮಗುವನ್ನು ಇಂಥ ಕ್ಲಾಸಿಗೆ ಹಾಕಿದರೆ ಹದಿನೈದು ದಿನ ಸಂಕಟಪಟ್ಟು, ‘ನಂಗೆ ಬರಲ್ಲ’ ಎನ್ನುವುದನ್ನು ಚೆನ್ನಾಗಿ ಕಲಿತು ಬರುತ್ತದೆ.

ಓಟಿ: ಎರಡು ಸೆಂಟರು, ಎರಡು ಥರ

ನಾವು ಮೊದಲು ಹೋದ ಸೆಂಟರು ನೋಡಲು ಚೆಂದ. ಗೋಡೆ ತುಂಬ ಬಣ್ಣ, ಸೂರಿನಿಂದ ಇಳಿಬಿಟ್ಟ ಜೋಕಾಲಿ, ಮಗುವಿನೆತ್ತರದ ಚೆಂಡು. 45 ನಿಮಿಷಕ್ಕೆ 800 ರೂಪಾಯಿ. ಮಗ ಖುಷಿಯಾಗಿ ಹೋಗುತ್ತಿದ್ದ, ನಾವೂ ಹೊರಗೆ ನೆಮ್ಮದಿಯಾಗಿ ಕೂರುತ್ತಿದ್ದೆವು. ಎಂಟು ಸೆಷನ್ ಮುಗಿಯಿತು. ಜೋಕಾಲಿ, ಮಣಿ ಪೋಣಿಸುವುದು, ಜೇಡಿಮಣ್ಣು, ಬಟ್ಟೆ ಕ್ಲಿಪ್ಪು. ‘ಬರೆಸೋದು ಯಾವಾಗ?’ ಎಂದು ಕೇಳಿದರೆ, ‘ಮೊದಲು ಬೇಸ್ ಗಟ್ಟಿಯಾಗಲಿ ಮೇಡಂ’. 6,400 ರೂಪಾಯಿ ಕೊಟ್ಟ ಮೇಲೂ ಅವನ ಕೈಗೆ ಅಲ್ಲಿ ಪೆನ್ಸಿಲ್ ಸಿಕ್ಕಿರಲಿಲ್ಲ.

ಜೋಕಾಲಿ, ಚೆಂಡುಗಳು ಬಂದದ್ದು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ರೂಪಿಸಿದ ಸೆನ್ಸರಿ ಇಂಟಿಗ್ರೇಷನ್ ಪದ್ಧತಿಯಿಂದ. ಶಬ್ದ, ಸ್ಪರ್ಶ, ತೂಗಾಟ ಇವುಗಳನ್ನು ತಾಳಿಕೊಳ್ಳಲು ಒದ್ದಾಡುವ ಮಕ್ಕಳಿಗೆ ಅದನ್ನು ಬಳಸುತ್ತಾರೆ, ಬಳಸಲಿ. ಅಕ್ಷರದ ವಿಷಯದಲ್ಲಿ ಮಾತ್ರ ಸಂಶೋಧನೆಯ ಮಾತು ಖಡಾಖಂಡಿತವಾಗಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2011ರಲ್ಲಿ ಕೆನಡಾದ ಆಕ್ಯುಪೇಷನಲ್ ಥೆರಪಿ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಬರೆಸದೇ ಇರುವ ಥೆರಪಿಯಿಂದ ಬರವಣಿಗೆ ಸುಧಾರಿಸಲಿಲ್ಲ. ಬರೆಸಿದರೂ ಅಭ್ಯಾಸ 20 ಸಲಕ್ಕಿಂತ ಕಡಿಮೆಯಾದರೆ ಸುಧಾರಿಸಲಿಲ್ಲ. 2006ರ ಇನ್ನೊಂದು ಅಧ್ಯಯನದಲ್ಲಿ ಕೈಬರಹದ ತೊಂದರೆಯಿದ್ದ ಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಇಂದ್ರಿಯ-ಸ್ನಾಯುಗಳ ಚಟುವಟಿಕೆ, ಇನ್ನೊಂದಕ್ಕೆ ಬರೆಯುವ ಅಭ್ಯಾಸ ಕೊಟ್ಟರು. ಸುಧಾರಿಸಿದ್ದು ಬರೆದ ಗುಂಪು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಡುಗೆಮನೆ. ಅವರೆಕಾಳಿನ ಕಾಲದಲ್ಲಿ ‘ಬೆರಳಿಗೆ ಬಲ ಬರುತ್ತೆ’ ಎಂದು ಮಗನ ಮುಂದೆ ನೆನೆಸಿದ ಕಾಳಿನ ಪಾತ್ರೆ ಇಟ್ಟು ಹಿದುಕಿಸಿದ್ದೆ. ಹಿದುಕಿದ ಅವರೆಯಿಂದ ಒಳ್ಳೇ ಸಾರಾಯಿತು. ಅಕ್ಷರ ಹಾಗೇ ಇತ್ತು.

ಎರಡನೇ ಥೆರಪಿಸ್ಟ್ ಚಿಕ್ಕ ರೂಮಿನಲ್ಲಿ ಒಂದು ಮೇಜು, ಎರಡು ಕುರ್ಚಿ ಇಟ್ಟುಕೊಂಡಿದ್ದವರು. ಹೋದ ಕೂಡಲೇ ಕೇಳಿದ್ದು, ‘ಶಾಲೆಯ ನೋಟ್‌ಬುಕ್ ತಂದಿದೀರಾ? ಕನ್ನಡದ್ದು, ಗಣಿತದ್ದು ಎರಡೂ ಕೊಡಿ.’ ಆಮೇಲೆ ಅವನು ಕೂರುವುದನ್ನು ನೋಡಿದರು. ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಕಾಲಡಿಗೆ ಒಂದು ಮಣೆ ಇಟ್ಟರು. ದಪ್ಪ ಫೈಲೊಂದನ್ನು ಓರೆಯಾಗಿ ಹಾಳೆಯ ಕೆಳಗೆ ಇಟ್ಟರು, ಹಳೇ ಕಾಲದ ಶ್ಯಾನುಭೋಗರ ಇಳಿಜಾರು ಮೇಜಿನ ಥರ. ಬಲಗೈಯವನಾದ್ದರಿಂದ ಹಾಳೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದರು. ಎಡಗೈ ಮಕ್ಕಳಿಗೆ ಬಲಕ್ಕೆ ವಾಲಿಸಬೇಕಂತೆ. (ಎಡಗೈಯವರನ್ನು ಬಲಗೈಗೆ ತಿರುಗಿಸುವ ಪ್ರಯತ್ನ ದಯವಿಟ್ಟು ಬೇಡ.) ಇಷ್ಟಕ್ಕೇ ಅವನು ಒತ್ತುವುದು ಕೊಂಚ ಕಡಿಮೆಯಾಯಿತು. ಪೆನ್ಸಿಲ್ ಹಿಡಿಯುವ ಬಗೆ ತಪ್ಪೆಂದು ನಾನು ಎರಡು ವರ್ಷ ಗದರಿದ್ದೆ. ಅವರು ನೋಡಿ, ‘ನಾಲ್ಕು ಬೆರಳಲ್ಲಿ ಹಿಡಿತಾನೆ, ಅದೂ ಸರಿಯಾದ ಹಿಡಿತಾನೇ. ನೋವಿಲ್ಲದಿದ್ರೆ ಬದಲಾಯಿಸೋದು ಬೇಡ’ ಎಂದುಬಿಟ್ಟರು. ಮೂರು ಬೆರಳು, ನಾಲ್ಕು ಬೆರಳು, ಹೆಬ್ಬೆರಳು ಅಡ್ಡ ಬಂದ ಹಿಡಿತ, ಇವುಗಳಿಂದ ವೇಗದಲ್ಲಾಗಲೀ ಅಕ್ಷರದ ಅಂದದಲ್ಲಾಗಲೀ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ ಎನ್ನುವುದು ಅಧ್ಯಯನಗಳಿಂದಲೂ ಗೊತ್ತಾದ ಮಾತು.

ಅವರ ಪದ್ಧತಿ ಸರಳ. ಒಂದು ಸಲಕ್ಕೆ ಒಂದೇ ಗುರಿ, ಅದನ್ನು ಅವನಿಂದಲೇ ಹೇಳಿಸುವುದು. ಮೊದಲನೆಯದು: ‘ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು.’ ಹೇಗೆ ಮಾಡ್ತೀಯ ಎಂದು ಕೇಳಿದರೆ ಅವನೇ ಯೋಚಿಸಿ, ‘ಒಂದು ಸಾಲು ಬಿಟ್ಟು ಬರೀತೀನಿ’ ಎಂದ. ಬರೆದು, ತಾನೇ ನೋಡಿ, ಚೆನ್ನಾಗಿರುವುದಕ್ಕೆ ಸುತ್ತು ಹಾಕಿದ. ಗುರಿ, ಉಪಾಯ, ಮಾಡು, ನೋಡು ಎನ್ನುವ ಈ ಕ್ರಮವೂ ಕೆನಡಾದಲ್ಲಿ ರೂಪುಗೊಂಡದ್ದೇ, ಡಿಸಿಡಿ ಮಕ್ಕಳಿಗೆಂದು. ವಾರಕ್ಕೊಂದು ಸೆಷನ್, ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಹತ್ತು ಹತ್ತು ನಿಮಿಷ.

ಲೆಕ್ಕ ಹಾಕಿ ನೋಡಿ. ವಾರಕ್ಕೊಂದರಂತೆ ಸೆಂಟರಿನಲ್ಲಿ ಮಾತ್ರ ಬರೆದರೆ 20 ಸಲ ಆಗಲು ಐದು ತಿಂಗಳು, 16,000 ರೂಪಾಯಿ, ಆಟೋ ಖರ್ಚು ಬೇರೆ. ಮನೆಯ ನಾಲ್ಕು ದಿನವೂ ಸೇರಿದರೆ ಅದೇ 20 ಸಲ ನಾಲ್ಕು ವಾರದಲ್ಲಿ ಮುಗಿಯುತ್ತದೆ. ದೂರದ ಊರಿನವರು ತಿಂಗಳಿಗೊಂದು ಸಲ ಹೋಗಿ ಗುರಿ ಹಾಕಿಸಿಕೊಂಡು ಬಂದು ಮನೆಯಲ್ಲಿ ಮಾಡಿಸಿದರೂ ನಡೆಯುತ್ತದೆ. ಮನೆಯ ಹತ್ತು ನಿಮಿಷ ತಪ್ಪಿಸಿದರೆ ಎಂಥ ಥೆರಪಿಸ್ಟೂ ಏನೂ ಮಾಡಲಾರರು. ನಮ್ಮ ಮನೆಯಲ್ಲಿ ಅದು ತಪ್ಪಿದ್ದು ಸಂಕ್ರಾಂತಿ ವಾರ ಮತ್ತು ಒಂದು ಮದುವೆ. ಎರಡೂ ಸಲ ಹಾಳೆಯ ಮೇಲೆ ಗೊತ್ತಾಯಿತು.

ಫೋನಿನಲ್ಲೇ ಕೇಳಬೇಕಾದ್ದು ಇಷ್ಟು. ಓದಿದ್ದು ಏನು? ಬಿಓಟಿ ಎಂದರೆ ಆಕ್ಯುಪೇಷನಲ್ ಥೆರಪಿಯಲ್ಲಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಹೆಚ್ಚಿನ ಪದವಿ. ಅದರ ಮೇಲಿನ ಸ್ನಾತಕೋತ್ತರ ಪದವಿ ಎಂಓಟಿ. ಕೆಲವು ತಿಂಗಳ ಕೋರ್ಸ್ ಮಾಡಿ ಥೆರಪಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಮೊದಲ ದಿನ ಮಗುವಿನಿಂದ ಬರೆಸಿ ನೋಡುತ್ತೀರಾ? ಕನ್ನಡ ಬರೆಸುತ್ತೀರಾ? ಮನೆಗೆ ಏನು ಕೊಡುತ್ತೀರಿ? ಎಷ್ಟು ಸೆಷನ್ ಆದ ಮೇಲೆ ನಿಲ್ಲಿಸುವ ಬಗ್ಗೆ ಮಾತಾಡಬಹುದು? ಕೊನೆಯ ಪ್ರಶ್ನೆಗೆ ‘ಅದು ಹೇಳಕ್ಕಾಗಲ್ಲ, ಪ್ಯಾಕೇಜ್ ತಗೊಳ್ಳಿ’ ಎಂದರೆ ಫೋನಿಡಿ.

ಸ್ಪೆಷಲ್ ಎಜುಕೇಟರ್

ಕಲಿಯಲು ತೊಡಕಿರುವ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ಟೀಚರು ಇವರು. ಎರಡನೇ ಹಾಳೆ, ಅಂದರೆ ಹೇಳಿ ಬರೆಸಿದ್ದು, ಕೆಟ್ಟಿದ್ದ ಮಕ್ಕಳ ದಾರಿ ಇದು. ಓದುವಾಗಲೂ ತಡವರಿಸುತ್ತಿದ್ದರೆ, ಒಂದೇ ಪದವನ್ನು ಒಂದು ಪುಟದಲ್ಲಿ ಮೂರು ಥರ ಬರೆದಿದ್ದರೆ ಕಲಿಕೆಯ ನ್ಯೂನತೆಯ (ಲರ್ನಿಂಗ್ ಡಿಸೆಬಿಲಿಟಿ) ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ ಎಂಟು ವರ್ಷ, ಇಲ್ಲವೇ ಮೂರನೇ ಕ್ಲಾಸು ಆದ ಮೇಲೆ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ ರೂಪಿಸಿದ ಪರೀಕ್ಷೆ ದೇಶದ ಹಲವೆಡೆ ಬಳಕೆಯಲ್ಲಿದೆ; ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲೂ ನೋಡುತ್ತಾರೆ. ಅಕ್ಷರ-ಶಬ್ದದ ಸಂಬಂಧವನ್ನು ಮೊದಲಿಂದ ಕಟ್ಟಿಕೊಡುವ ಈ ಕೆಲಸಕ್ಕೆ ತಿಂಗಳುಗಳಲ್ಲ, ವರ್ಷಗಳೇ ಬೇಕಾಗಬಹುದು. ಕೆಲವು ಮಕ್ಕಳಿಗೆ ಓಟಿ ಮತ್ತು ಇದು ಎರಡೂ ಬೇಕಾಗುತ್ತದೆ. ದುಡ್ಡು ಒಂದಕ್ಕೇ ಸಾಲುವಂತಿದ್ದರೆ ನಾನಾದರೆ ಓದಿಗೆ ಹಾಕುತ್ತೇನೆ. ಅಕ್ಷರ ಚೆನ್ನಾಗಿಲ್ಲದವನು ಟೈಪ್ ಮಾಡಿಯಾನು, ಓದಲು ಬಾರದವನಿಗೆ ಅದೂ ಕಷ್ಟ.

ಕೀಬೋರ್ಡು, ಹೆಚ್ಚಿನ ಸಮಯ

ಹನ್ನೆರಡು ಹದಿಮೂರು ದಾಟಿದ ಮಕ್ಕಳ ತಂದೆ-ತಾಯಿ ಮೇಲಿನದನ್ನೆಲ್ಲ ಓದಿ ಬೇಜಾರಾಗಬೇಡಿ. ಆ ವಯಸ್ಸಿಗೆ ಅಕ್ಷರ ಬದಲಿಸುವುದಕ್ಕೆ ಜಗಳವಾಡುವ ಬದಲು ಟೈಪಿಂಗ್ ಕಲಿಸುವುದು ಲೇಸು. ಕನ್ನಡ ಟೈಪಿಂಗೂ ಸೇರಿಸಿ. ಒತ್ತಕ್ಷರ ತಾನಾಗಿ ಜಾಗಕ್ಕೆ ಹೋಗಿ ಕೂರುವುದನ್ನು ನೋಡಿ ನನ್ನ ಮಗನಿಗೆ ಆದ ಖುಷಿ ಅಷ್ಟಿಷ್ಟಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಡಿಸ್‌ಗ್ರಾಫಿಯಾ (ಬರವಣಿಗೆಯ ತೊಡಕು), ಡಿಸ್ಪ್ರಾಕ್ಸಿಯಾ ಎರಡನ್ನೂ ಕಲಿಕೆಯ ನ್ಯೂನತೆಯ ಒಳಗೆ ಹೆಸರಿಸಿದೆ. ಈ ನ್ಯೂನತೆಯ ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಸಿಗುತ್ತದೆ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ, ಎಂಟನೇ ಕ್ಲಾಸಿನಲ್ಲೇ ಶಾಲೆಯ ಆಫೀಸಿನಲ್ಲಿ ವಿಚಾರಿಸಿಡಿ. ಸರ್ಟಿಫಿಕೇಟ್ ಎಂದರೆ ‘ಮುದ್ರೆ ಒತ್ತಿಸಿಕೊಂಡ ಹಾಗೆ’ ಎಂದು ಹೆದರುವ ನೆಂಟರು ಸಿಗುತ್ತಾರೆ. ಅವರೇನೂ ಪರೀಕ್ಷೆ ಬರೆಯುವುದಿಲ್ಲ.

ದುಡ್ಡಿಲ್ಲದಿದ್ದರೆ

ಖಾಸಗಿ ಸೆಂಟರೊಂದೇ ದಾರಿಯಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳನ್ನು 18 ವರ್ಷದವರೆಗೆ ತಪಾಸಣೆ ಮಾಡುತ್ತಾರೆ, ಕಲಿಕೆಯ ತೊಂದರೆಯೂ ಅದರ ಪಟ್ಟಿಯಲ್ಲಿದೆ. ಮುಂದಿನ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ತೊಂದರೆಗಳಿಗೆ ಬೇಗ ಚಿಕಿತ್ಸೆ ಶುರು ಮಾಡುವ) ಕೇಂದ್ರ ಇರುತ್ತದೆ, ಖರ್ಚಿಲ್ಲ. ನಿಮ್ಮ ಜಿಲ್ಲೆಯದರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರಾ, ಯಾವ ದಿನ ಬರುತ್ತಾರೆ ಎಂದು ಕೇಳಿಕೊಂಡೇ ಬಸ್ ಹತ್ತಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಬಿಐಇಆರ್‌ಟಿ ಎನ್ನುವ ಶಿಕ್ಷಕರಿರುತ್ತಾರೆ. ಹೆಡ್‌ಮಾಸ್ಟರ ಮೂಲಕ ಅವರನ್ನು ಹಿಡಿಯುವುದು ಸುಲಭ.

ಎಲ್ಲಿಗೆ ಹೋದರೂ ಆ ಮೂರು ಹಾಳೆ, ಈ ವರ್ಷದ ಮತ್ತು ಹೋದ ವರ್ಷದ ಕನ್ನಡ ನೋಟ್‌ಬುಕ್, ಒಂದು ಗಣಿತದ್ದು, ಮಗು ದಿನಾ ಬರೆಯುವ ಪೆನ್ಸಿಲ್, ಬ್ಯಾಗಿಗೆ ಹಾಕಿಕೊಳ್ಳಿ. ಶುರು ಮಾಡಿ 20 ಸಲ ಬರೆಸಿದ ಮೇಲೆ ಅದೇ ‘ಅಜ್ಜಿ ಅಂಗಳದಲ್ಲಿ ರಂಗೋಲಿ ಹಾಕಿದರು’ ಸಾಲನ್ನು ಮತ್ತೆ ಬರೆಸಿ ಪಕ್ಕಪಕ್ಕ ಇಡಿ. ನನ್ನ ಮಗನದು ಮುತ್ತು ಪೋಣಿಸಿದ ಹಾಗೇನೂ ಆಗಿರಲಿಲ್ಲ, ಈಗಲೂ ಇಲ್ಲ. ಆದರೆ ಜ ಒತ್ತು ಅದರ ಜಾಗದಲ್ಲಿತ್ತು, ಹಾಳೆಯ ಹಿಂಬದಿ ನುಣ್ಣಗಿತ್ತು. ನಿಮ್ಮ ಎರಡು ಹಾಳೆಗಳ ನಡುವೆ ಏನೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ತಿಂಗಳ ಫೀಸು ಕಟ್ಟಬೇಡಿ. ಎರಡನ್ನೂ ಥೆರಪಿಸ್ಟರ ಮೇಜಿನ ಮೇಲಿಟ್ಟು ‘ಯಾಕೆ?’ ಎಂದು ಕೇಳಿ.